ನಾಯಿ ಕಚ್ಚಿದ್ದಕ್ಕೆ ಇಂಜೆಕ್ಷನ್ ಹಾಕಿಸಿಕೊಂಡರೆ ಕೈಕಾಲು ಬೀಳುತ್ತದೆಯೇ?

“ಹೊಟ್ಟೆಗೆ 14 ಇಂಜೆಕ್ಷನ್, ಆಮೇಲೆ ಪಾರ್ಶ್ವವಾಯು” ಎಂಬ ಮಾತು ನೀವೂ ಕೇಳಿರಬಹುದು. ಇದು ಪೂರ್ತಿ ಸುಳ್ಳಲ್ಲ, ಆದರೆ ಹಳೆಯ ಕಥೆ.

ಹಿಂದೆ ರೇಬೀಸ್ ಲಸಿಕೆಯನ್ನು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದರು. ಅದರಲ್ಲಿ ಉಳಿಯುತ್ತಿದ್ದ ನರದ ಅಂಶದಿಂದ ಕೆರಳಿದ ರೋಗನಿರೋಧಕ ಶಕ್ತಿ, ಕೆಲವರಲ್ಲಿ ಸ್ವಂತ ನರಗಳ ಮೇಲೇ ದಾಳಿ ಮಾಡುತ್ತಿತ್ತು. ಆಗ ವೈದ್ಯರು ಆ ಲಸಿಕೆ ನಿಲ್ಲಿಸಿ ಸ್ಟೀರಾಯ್ಡ್ ಕೊಡುತ್ತಿದ್ದರು.

2005ರ ವೇಳೆಗೆ ಭಾರತ ಆ ಲಸಿಕೆಯನ್ನು ಕೈಬಿಟ್ಟಿತು. ಈಗಿನದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ ತಯಾರಾಗುತ್ತದೆ, ಮೆದುಳಿನ ಅಂಶ ಇರುವುದಿಲ್ಲ. ನರದ ತೊಂದರೆ ತೀರಾ ಅಪರೂಪ. ತೋಳಿಗೆ, ಪುಟ್ಟ ಮಕ್ಕಳಿಗೆ ತೊಡೆಗೆ, 4 ಅಥವಾ 5 ದಿನ ಹಾಕಿಸಿಕೊಂಡರೆ ಸಾಕು.

ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆಯಿರಿ. ಅಂದೇ ಆಸ್ಪತ್ರೆಗೆ ಹೋಗಿ.