ನೆಲಕ್ಕೆ ಬೀಳದೆ ಮಾಯವಾದ ಆಯಿಲ್

ಎರಡನೇ ಕಿಕ್ಕಿಗೇ ಎಂಜಿನ್ ಹಿಡಿಯಿತು. ಗ್ಯಾರೇಜಿನಲ್ಲಿದ್ದವರೆಲ್ಲ ಕೇಕೆ ಹಾಕಿದರು. ಅಜ್ಜ ತೀರಿಹೋದ ಮೇಲೆ ಕೊಟ್ಟಿಗೆಯ ಮೂಲೆ ಸೇರಿದ್ದ ಜಾವಾ ಬೈಕು ಅದು. ಪಿಸ್ಟನ್ ಬೋರಿಗೆ ಕಚ್ಚಿಕೊಂಡು ಕಲ್ಲಿನಂತಾಗಿತ್ತು. ಮೊಮ್ಮಗ ಅದನ್ನು ಟೆಂಪೋದಲ್ಲಿ ಹೇರಿಕೊಂಡು ಮೈಸೂರಿನ ಒಬ್ಬ ಹಳೆಯ ಮೇಸ್ತ್ರಿಯ ಮುಂದೆ ಇಳಿಸಿದ್ದ. ಬೋರ್ ಕೊರೆಸಿ, ಹೊಸ ಪಿಸ್ಟನ್, ಕನೆಕ್ಟಿಂಗ್ ರಾಡು, ಬೇರಿಂಗು, ಆಯಿಲ್ ಸೀಲುಗಳನ್ನೆಲ್ಲ ಹಾಕಿ ಎಂಜಿನ್ ಕೂಡಿಸಿದ್ದಾಗಿತ್ತು. ಜುಲೈ ಎರಡನೇ ಭಾನುವಾರ ಜಾವಾ ದಿನ. ಅಂದು ಊರಿನ ಗಾಡಿಗಳ ಸಾಲಿನಲ್ಲಿ ಅಜ್ಜನ ಗಾಡಿಯೂ ಹೋಗಬೇಕೆಂಬುದು ಹುಡುಗನ ಹಟ.

ಎಂಜಿನ್ ಬಿಸಿಯಾದಂತೆ ಎರಡೂ ಸೈಲೆನ್ಸರುಗಳಿಂದ ಬಿಳಿ ಹೊಗೆ ದಟ್ಟವಾಗಿ ಬರತೊಡಗಿತು. "ಹಳೇ ಆಯಿಲ್ ಕೂತಿರುತ್ತೆ, ಸುಟ್ಟುಹೋಗ್ಲಿ ಬಿಡಪ್ಪ" ಅಂದರು ಮೇಸ್ತ್ರಿ. ಟೂ ಸ್ಟ್ರೋಕ್ ಗಾಡಿಗೆ ಹೊಗೆ ಹೊಸದೇನೂ ಅಲ್ಲ. ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುವ ಯಂತ್ರ ಅದು. ಆದರೆ ಈ ಹೊಗೆ ನಿಲ್ಲಲೇ ಇಲ್ಲ. ಸೈಲೆನ್ಸರುಗಳನ್ನು ಬಿಚ್ಚಿ, ಒಳಗಿನ ಮಸಿಯನ್ನೆಲ್ಲ ಸುಟ್ಟು ಕೆರೆದು ಹಾಕಿದರೂ ಹೊಗೆ ಹಾಗೇ ಇತ್ತು.

ಅನುಮಾನ ಟ್ಯಾಂಕಿನ ಕಡೆ ತಿರುಗಿತು. ಆಯಿಲ್ ಹೆಚ್ಚಾಗಿದ್ದೀತೆಂದು ಟ್ಯಾಂಕ್ ಬರಿದು ಮಾಡಿ, ಲೀಟರಿಗೆ 40 ಮಿಲಿ ಅಳೆದು ಹೊಸದಾಗಿ ಬೆರೆಸಿದರು. ಪ್ಲಗ್ಗು ಮತ್ತೆ ಒದ್ದೆಯಾಗಿಯೇ ಹೊರಬಂತು. ಕಾರ್ಬುರೇಟರಿನ ಫ್ಲೋಟು, ಸೂಜಿ, ಜೆಟ್ ಒಂದೊಂದನ್ನೂ ತೊಳೆದರು. ಪಾಯಿಂಟ್ ಗ್ಯಾಪ್ ಸರಿಮಾಡಿ, ಟೈಮಿಂಗ್ ಮತ್ತೆ ಕೂರಿಸಿದರು. ಬೋರ್ ಕೊರೆದವರ ಕೈತಪ್ಪಿರಬಹುದೆಂದು ಹೆಡ್ಡು, ಸಿಲಿಂಡರ್ ಎತ್ತಿ ಅಳತೆ ಹಿಡಿದದ್ದೂ ಆಯಿತು. ಎಲ್ಲಿಯೂ ಒಂದು ತಪ್ಪು ಸಿಗಲಿಲ್ಲ. ಎಲ್ಲ ಸರಿಯಿದ್ದೂ ಗಾಡಿ ಸರಿಯಿಲ್ಲದಿರುವುದು ಮೆಕ್ಯಾನಿಕ್ಕಿಗೆ ಬರುವ ಅತಿ ಕೆಟ್ಟ ಸ್ಥಿತಿ. ಯಾವ ಕಡೆ ಕೈ ಹಾಕಬೇಕೆಂದೇ ತೋಚುವುದಿಲ್ಲ. ಮೇಸ್ತ್ರಿ ಮಾತು ಕಡಿಮೆ ಮಾಡಿದರು. ಹುಡುಗ ದಿನಾ ಸಂಜೆ ಬಂದು ಸ್ಟೂಲಿನ ಮೇಲೆ ಕೂತು ಹೋಗುತ್ತಿದ್ದ.

ಸುಳಿವು ಸಿಕ್ಕಿದ್ದು ಬೇರೆಯದೇ ಕೆಲಸ ಮಾಡುವಾಗ. ಕ್ಲಚ್ ಎಳೆಯುತ್ತಿದೆ ಅನ್ನಿಸಿ, ಮೇಸ್ತ್ರಿ ಗೇರ್ ಆಯಿಲ್ ನೋಡಲು ಲೆವೆಲ್ ಸ್ಕ್ರೂ ಬಿಚ್ಚಿದರು. ತೊಟ್ಟೂ ಹೊರಬರಲಿಲ್ಲ. ಎಂಜಿನ್ ಕೂಡಿಸಿದ ದಿನ ತಾವೇ ಅಳೆದು ಸುರಿದಿದ್ದ ಆಯಿಲ್. ಅವರು ಬಗ್ಗಿ ನೆಲ ನೋಡಿದರು. ಎಂಜಿನ್ನಿನ ಅಡಿಗೆ ಹಾಸಿದ್ದ ರಟ್ಟು ಒಣಗಿಕೊಂಡೇ ಇತ್ತು.

"ನೆಲಕ್ಕೆ ಬಿದ್ದಿಲ್ಲ. ಹಾಗಾದ್ರೆ ಹೋಗಿದ್ದೆಲ್ಲಿಗೆ ಹೇಳು?"

"ಹೊಗೇಲಿ ಹೋಯ್ತಾ ಮೇಸ್ತ್ರಿ?" ಅಂದ ಹುಡುಗ. ಮೇಸ್ತ್ರಿ ಉತ್ತರ ಕೊಡದೆ, ಗೇರ್ ಬಾಕ್ಸಿನ ಅಡಿಯ ಬೋಲ್ಟು ಬಿಚ್ಚಿ, ಉಳಿದಿದ್ದ ಆಯಿಲನ್ನು ಬೆರಳಿಗೆ ಹಿಡಿದು ಮೂಸಿದರು. ಪೆಟ್ರೋಲ್ ವಾಸನೆ ಬಂತು. ಪೆಟ್ರೋಲ್ ಬರುವ ಕ್ರ್ಯಾಂಕ್ ಕೋಣೆಗೂ ಗೇರ್ ಆಯಿಲಿನ ಕೋಣೆಗೂ ನಡುವೆ ಎಲ್ಲೋ ಕಳ್ಳದಾರಿ ಇತ್ತು.

ಊಹೆ ನಂಬಿ ಎಂಜಿನ್ ಬಿಚ್ಚಲು ಅವರು ಒಪ್ಪಲಿಲ್ಲ. ಕಣ್ಣಿಗೆ ಕಾಣಬೇಕೆಂದರು. ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿ ಕಾರ್ಬುರೇಟರ್ ಕೂರುವ ಬಾಯಿ ಮುಚ್ಚಿದರು. ಸೈಲೆನ್ಸರ್ ಕೂರುವ ಎರಡು ಬಾಯಿಗಳಿಗೂ ಬಿರಡೆ ಜಡಿದರು. ಪಿಸ್ಟನ್ನನ್ನು ಪೂರ್ತಿ ಕೆಳಗಿಳಿಸಿ, ಪ್ಲಗ್ಗಿನ ತೂತಿಗೆ ನಳಿಗೆ ಕಟ್ಟಿ, ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟರು. ಎಡಗಡೆ ಕ್ಲಚ್ ಕವರ್ ತೆಗೆದು, ಕ್ರ್ಯಾಂಕಿನ ಸ್ಪ್ರಾಕೆಟ್ಟಿನ ಹಿಂದೆ ಸೋಪು ನೀರು ಹೊಯ್ದಿದ್ದರು. ಹೊರಗೆ ಮಳೆ ಹಿಡಿದಿತ್ತು. ಇಬ್ಬರೂ ಟಾರ್ಚ್ ಹಿಡಿದು ಬಗ್ಗಿದರು. ಸ್ಪ್ರಾಕೆಟ್ಟಿನ ಹಿಂದಿನಿಂದ ಒಂದು ಗುಳ್ಳೆ ಉಬ್ಬಿ ಒಡೆಯಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ಸಾಲುಸಾಲು.

"ಸಿಕ್ತು!" ಅಂದ ಹುಡುಗನ ಕೂಗಿಗೆ ಪಕ್ಕದ ಪಂಚರ್ ಅಂಗಡಿಯವನೂ ಓಡಿಬಂದ.

ಸ್ಪ್ರಾಕೆಟ್ಟಿನ ಹಿಂದಿದ್ದ ಆಯಿಲ್ ಸೀಲನ್ನು ಹೊರತೆಗೆದಾಗ ಮೇಸ್ತ್ರಿಗೆ ನಂಬಲಾಗಲಿಲ್ಲ. ಹೊಚ್ಚ ಹೊಸದು. ಆದರೆ ಒಳಗಿನ ರಬ್ಬರ್ ತುಟಿ ಒಂದು ಕಡೆ ಮಡಚಿಕೊಂಡು ಸಣ್ಣಗೆ ಹರಿದಿತ್ತು. ಕೂಡಿಸುವಾಗ ತುಟಿಗೆ ಆಯಿಲ್ ಸವರದೆ, ಒಣಗಿದ್ದಂತೆಯೇ ಶಾಫ್ಟನ್ನು ತಳ್ಳಿದ್ದರು. ಇನ್ನೊಂದು ಸೀಲು ತಂದು, ತುಟಿಗೆ ಆಯಿಲ್ ಹಚ್ಚಿ, ತಿರುಗಿಸುತ್ತ ತಿರುಗಿಸುತ್ತ ಕೂರಿಸಿದರು. ಪಂಪ್ ಹೊಡೆದರೆ ಗುಳ್ಳೆ ಬರಲಿಲ್ಲ. ಬಿಸಿಯಾದ ಎಂಜಿನ್ನಿನಿಂದ ಈಗ ತೆಳುವಾದ ನೀಲಿ ಹೊಗೆ ಮಾತ್ರ ಬಂತು. ಭಾನುವಾರದ ಸಾಲಿನಲ್ಲಿ ಅಜ್ಜನ ಜಾವಾ ಹೋಯಿತು.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯೇ ಪಂಪು. ಪಿಸ್ಟನ್ ಮೇಲೇರಿದಾಗ ಅಲ್ಲಿ ಒತ್ತಡ ಇಳಿದು ಕಾರ್ಬುರೇಟರಿನಿಂದ ಪೆಟ್ರೋಲ್, ಗಾಳಿ ಒಳಬರುತ್ತವೆ. ಇಳಿದಾಗ ಅವು ಒತ್ತಿಕೊಂಡು ಸಿಲಿಂಡರ್ ಸೇರುತ್ತವೆ. ಆ ಕೋಣೆಯ ಎಡಗೋಡೆಯಾಚೆ ಕ್ಲಚ್ಚಿನ ಆಯಿಲ್ ಇರುತ್ತದೆ. ತುಟಿ ಹರಿದಿದ್ದರಿಂದ ಪ್ರತಿ ಏರಿಕೆಯಲ್ಲೂ ಆಯಿಲ್ ಒಳಕ್ಕೆ ಬಂದು ಉರಿದು ಹೊಗೆಯಾಗುತ್ತಿತ್ತು. ಇಳಿಕೆಯಲ್ಲಿ ಪೆಟ್ರೋಲ್ ಆಚೆ ನುಗ್ಗುತ್ತಿತ್ತು. ಹರಿದದ್ದು ಬಲಗಡೆ ಡೈನಮೋ ಬದಿಯ ಸೀಲಾಗಿದ್ದರೆ ಈ ಹೊಗೆ ಇರುತ್ತಲೇ ಇರಲಿಲ್ಲ. ಅಲ್ಲಿ ಎಳೆದುಕೊಳ್ಳಲು ಇರುವುದು ಬರೀ ಗಾಳಿ. ಪೆಟ್ರೋಲ್ ಸಾಲದೆ, ಆಯಿಲ್ ಸಾಲದೆ ಎಂಜಿನ್ ಕಾದು, ಹೊಸ ಪಿಸ್ಟನ್ ಮತ್ತೆ ಬೋರಿಗೆ ಕಚ್ಚಿಕೊಳ್ಳುತ್ತಿತ್ತು.