ಹೆಸರಿನ ಚೀಟಿಯೂ ಅಂಕೆಯ ಮುದ್ರೆಯೂ

ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿಟ್ಟ ಡಬ್ಬಿಗಳನ್ನು ವಾಚಕರು ನೋಡಿಯೇ ಇರುತ್ತಾರೆ. ‘ಸಕ್ಕರೆ’ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಒಮ್ಮೊಮ್ಮೆ ಉಪ್ಪು ಇರುವುದೂ ಉಂಟು. ಚೀಟಿ ಸುಳ್ಳು ಹೇಳಬಲ್ಲದು. ಒಳಗಿರುವ ವಸ್ತುವಿನ ರುಚಿ ಸುಳ್ಳು ಹೇಳಲಾರದು. ಗಣಕಯಂತ್ರಗಳ ಬರಹಭಂಡಾರಗಳಲ್ಲಿಯೂ ಇದೇ ತೊಡಕು ಇರುವುದಷ್ಟೆ.

ಫಿನ್ಲೆಂಡಿನಲ್ಲಿ ಹುಟ್ಟಿದ ಲಿನಸ್ ಟೋರ್ವಾಲ್ಡ್ಸ್ ಎಂಬವರು ೨೦೦೫ರಲ್ಲಿ ‘ಗಿಟ್’ ಎಂಬ ಭಂಡಾರವ್ಯವಸ್ಥೆಯನ್ನು ರಚಿಸಿದರು. ಪ್ರೋಗ್ರಾಂ ಬರೆಯುವವರು ತಮ್ಮ ಬರಹದ ಒಂದೊಂದು ಹಂತವನ್ನೂ ಇದರಲ್ಲಿ ಕಾದಿಡುತ್ತಾರೆ. ಇಲ್ಲಿಟ್ಟ ವಸ್ತುವಿಗೆ ನಿಜನಾಮವನ್ನು ಕೊಡುವುದು ಮನುಷ್ಯನಲ್ಲ, ಅದರೊಳಗಿನ ವಿಷಯವೇ. ವಿಷಯವನ್ನು ಒಂದು ನಿಶ್ಚಿತ ಗಣಿತಕ್ರಮಕ್ಕೆ ಒಳಪಡಿಸಿದರೆ ೪೦ ಚಿಹ್ನೆಗಳ ಮುದ್ರೆಯೊಂದು ದೊರೆಯುವುದು. ಹತ್ತು ಅಂಕೆಗಳು, ಆರು ಇಂಗ್ಲಿಷ್ ಅಕ್ಷರಗಳು, ಇಷ್ಟರಿಂದಲೇ ಆದ ಸಾಲು ಅದು. ಬರಹದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಮುದ್ರೆ ಗುರುತೇ ಸಿಗದಂತೆ ಮಾರ್ಪಡುವುದು. ಒಂದೇ ಕಡತವನ್ನು ನೂರು ಸಲ ಇಟ್ಟರೂ ಮುದ್ರೆ ಒಂದೇ ಆದುದರಿಂದ ಭಂಡಾರದಲ್ಲಿ ಉಳಿಯುವುದು ಒಂದೇ ಪ್ರತಿ! ಈ ವ್ಯವಸ್ಥೆಯ ಚೆಲುವೆಲ್ಲ ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ. ಮುದ್ರೆಗೂ ಮಿತಿಯುಂಟೆನ್ನಿ. ೨೦೧೭ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರೂ ಗೂಗಲ್ ಸಂಸ್ಥೆಯವರೂ ಕೂಡಿ, ಇದೇ ಗಣಿತಕ್ರಮದಿಂದ ಎರಡು ಬೇರೆ ಕಡತಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಿ ತೋರಿಸಿದರು. ಅನಂತರ ಗಿಟ್ ಅಂಥ ಕೃತಕ ಜೋಡಿಗಳನ್ನು ಪತ್ತೆಹಚ್ಚುವ ಕಾವಲನ್ನು ಸೇರಿಸಿಕೊಂಡಿತು. ೬೪ ಚಿಹ್ನೆಗಳ ಮುದ್ರೆಗೂ ಅದರಲ್ಲಿ ಈಗ ಅವಕಾಶವಿದೆ.

ನಲವತ್ತು ಚಿಹ್ನೆಗಳನ್ನು ನೆನಪಿಡುವವರು ಯಾರು? ಅದಕ್ಕಾಗಿ ಮುದ್ರೆಯತ್ತ ಬೆರಳು ತೋರುವ ಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ‘ಶಾಖೆ’ ಎಂಬ ಹೆಸರು ಕೆಲಸ ಸಾಗಿದಂತೆ ತಾನೂ ಮುಂದೆ ಸರಿಯುವುದು. ‘ಟ್ಯಾಗ್’ ಎಂಬ ಚೀಟಿಯಾದರೋ ಅಂಟಿಸಿದ ಕಡೆಯೇ ನಿಲ್ಲಬೇಕೆಂಬುದು ವಾಡಿಕೆ. ಚೀಟಿಯನ್ನು ಕಿತ್ತರೆ ವಸ್ತು ಒಡನೆಯೇ ನಾಶವಾಗದು. ಆದರೆ ಯಾವ ಹೆಸರಿನ ದಾರಿಯಿಂದಲೂ ತಲುಪಲಾಗದ ವಸ್ತುವನ್ನು ಗಿಟ್ ಕೆಲವು ಕಾಲ ಕಾದು, ಕಸವೆಂದು ಗುಡಿಸಿಹಾಕುವುದು.

ಚೀಟಿ ನಿಲ್ಲುವುದು ವಾಡಿಕೆಯಿಂದ ಮಾತ್ರ. ಅಧಿಕಾರವುಳ್ಳವನು ಅದನ್ನು ಬೇರೆಡೆಗೆ ಅಂಟಿಸಬಲ್ಲನು. ೨೦೨೫ರ ಮಾರ್ಚ್ ತಿಂಗಳಲ್ಲಿ ನಡೆದುದು ಇದೇ. ಬದಲಾದ ಕಡತಗಳನ್ನು ಪಟ್ಟಿಮಾಡುವ ‘ಟಿಜೆ-ಆಕ್ಷನ್ಸ್’ನ ಉಪಕರಣವೊಂದನ್ನು ೨೩,೦೦೦ಕ್ಕೂ ಹೆಚ್ಚು ಭಂಡಾರಗಳು ಬಳಸುತ್ತಿದ್ದವು. ಕಳ್ಳರು ಅದರೊಳಹೊಕ್ಕು, ಹಳೆಯ ಚೀಟಿಗಳನ್ನೆಲ್ಲ ತಮ್ಮ ವಿಷಬರಹವೊಂದರತ್ತ ತಿರುಗಿಸಿದರು. ಹೆಸರು ನಿನ್ನೆಯದೇ, ವಸ್ತು ಮಾತ್ರ ಬೇರೆ. ಹೆಸರನ್ನು ನಂಬಿ ಅದನ್ನು ತರಿಸಿಕೊಂಡ ಹಲವು ಯಂತ್ರಗಳು ತಮ್ಮ ಗುಪ್ತ ಸಂಕೇತಪದಗಳನ್ನು, ಯಾರು ಬೇಕಾದರೂ ಓದಬಹುದಾದ ದಿನಚರಿಗಳಲ್ಲಿ ಬರೆದುಬಿಟ್ಟವು. ಚೀಟಿಯ ಬದಲು ಹಿಂದಿನ ಪ್ರತಿಯ ನಲವತ್ತು ಚಿಹ್ನೆಗಳನ್ನೇ ಬರೆದಿಟ್ಟುಕೊಂಡಿದ್ದವರಿಗೆ ಮಾತ್ರ ಆ ದಿನವೂ ಹಳೆಯ ಪ್ರತಿಯೇ ಬಂದಿತು.