ಬಸುರಿ ಹೊಟ್ಟೆಯ ಗೆರೆಗಳು: ಕ್ರೀಮಿಗೆ ದುಡ್ಡು ಹಾಕೋ ಮುಂಚೆ

ಪುಣೆ, ಹೈದರಾಬಾದ್ ಕಡೆಯಿಂದ ತುಂಬಾ ಜನ ನನ್ನನ್ನ ಕೇಳೋ ಪ್ರಶ್ನೆ ಇದು: "ಐದು ತಿಂಗಳು ನಡೀತಿದೆ, ಸ್ಟ್ರೆಚ್ ಮಾರ್ಕ್ಸ್ ಬರದ ಹಾಗೆ ಯಾವ ಕ್ರೀಮ್ ಹಚ್ಚಲಿ?" ನೇರವಾಗಿ ಹೇಳ್ತೀನಿ. ಖಂಡಿತ ತಡೆಯುತ್ತೆ ಅಂತ ಸಾಬೀತಾದ ಕ್ರೀಮ್ ಯಾವುದೂ ಇಲ್ಲ. 2012ರ ಕಾಕ್ರೇನ್ ವಿಮರ್ಶೆ ಅಲ್ಲಿವರೆಗಿನ ಪ್ರಯೋಗಗಳನ್ನ ಒಟ್ಟಿಗೆ ನೋಡಿ ಇದೇ ಮಾತು ಹೇಳಿತು.

ಕಾರಣ ಸರಳ. ಗೆರೆ ಬೀಳೋದು ಮೇಲ್ಚರ್ಮದ ಕೆಳಗಿನ ಪದರದಲ್ಲಿ. ಹೊಟ್ಟೆ ಹಿಗ್ಗಿದಾಗ ಅಲ್ಲಿರೋ ಕೊಲಾಜೆನ್, ಎಲಾಸ್ಟಿನ್ ಎಳೆಗಳು ಹರೀತವೆ. ಹಾರ್ಮೋನಿನ ಪಾತ್ರವೂ ಇದೆ. ನಿಮ್ಮ ಅಮ್ಮನಿಗೆ ಬಂದಿದ್ರೆ, ವಯಸ್ಸು ಚಿಕ್ಕದಿದ್ರೆ, ತೂಕ ಜಾಸ್ತಿ ಏರಿದ್ರೆ ಸಾಧ್ಯತೆ ಹೆಚ್ಚು. ಇದರಲ್ಲಿ ನಮ್ಮ ಕೈಲಿರೋದು ತೂಕ ಮಾತ್ರ. ಹಾಗಂತ ಊಟ ಬಿಡಬೇಡಿ, ಡಾಕ್ಟರ್ ಹೇಳಿದ ಮಿತಿಯಲ್ಲಿದ್ರೆ ಸಾಕು.

ಅಮ್ಮ ಊರಿಂದ ತಂದ ಕೊಬ್ಬರಿ ಎಣ್ಣೆ? ಧಾರಾಳವಾಗಿ ಹಚ್ಚಿ. ಗೆರೆ ತಡೆಯದಿದ್ರೂ ಒಣಚರ್ಮ, ತುರಿಕೆಗೆ ಹಿತ.

ಎರಡು ಮಾತ್ರ ಬೇಡ. ಒಂದು, ರೆಟಿನಾಲ್ ಅಥವಾ ಟ್ರೆಟಿನಾಯಿನ್ ಇರೋ ಕ್ರೀಮು; ಬಸುರಿಯರು ಅದನ್ನ ಬಳಸಬಾರದು. ಇನ್ನೊಂದು, ಚೀಟಿ ಇಲ್ಲದೆ ಮೆಡಿಕಲ್ ಶಾಪಿಂದ ತುರಿಕೆಗೆ ಅಂತ ತರೋ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್. ಇವು ಸ್ಟೀರಾಯ್ಡ್, ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳುವಾಗಿ ಇವೇ ಗೆರೆ ತರ್ತವೆ.

ಈಗ ಮುಖ್ಯವಾದ ಮಾತು. ಹೊಟ್ಟೆ ತುರಿಸೋದು ಸಾಮಾನ್ಯ. ಆದ್ರೆ ಗುಳ್ಳೆ ಏನೂ ಇಲ್ಲದೆ ಅಂಗೈ, ಅಂಗಾಲು ತುರಿಸ್ತಿದ್ರೆ, ರಾತ್ರಿ ಹೆಚ್ಚಾದ್ರೆ, ಅದು ಲಿವರ್ ತೊಂದರೆ ಇರಬಹುದು, ಮಗುವಿಗೂ ಅಪಾಯ. ಮೀಟಿಂಗ್ ಮುಗೀಲಿ, ವೀಕೆಂಡ್ ಬರಲಿ ಅಂತ ಕಾಯಬೇಡಿ. ಅವತ್ತೇ ಡಾಕ್ಟರಿಗೆ ಹೇಳಿ. ಬೈಲ್ ಆಸಿಡ್, ಲಿವರ್ ರಕ್ತಪರೀಕ್ಷೆ ಮಾಡಿಸ್ತಾರೆ.

ಹೆರಿಗೆ ಆದ್ಮೇಲೆ ಕೆಂಪು, ನೇರಳೆ ಗೆರೆಗಳು ತಿಂಗಳುಗಳಲ್ಲಿ ಮಾಸಿ ಬೆಳ್ಳಗಾಗ್ತವೆ. ಚಿಕಿತ್ಸೆ ಬೇಕು ಅನ್ಸಿದ್ರೆ ಲೇಸರ್, ಮೈಕ್ರೋನೀಡ್ಲಿಂಗ್, ಟ್ರೆಟಿನಾಯಿನ್ ಇವೆ. ಗೆರೆ ಇನ್ನೂ ಕೆಂಪಿರುವಾಗ ಫಲ ಹೆಚ್ಚು. ಎದೆಹಾಲು ಕುಡಿಸ್ತಿದ್ರೆ ಚರ್ಮದ ಡಾಕ್ಟರಿಗೆ ಮೊದಲೇ ತಿಳಿಸಿ. ಗೆರೆ ತಿಳಿಯಾಗುತ್ತೆ, ಪೂರ್ತಿ ಅಳಿಸಿಹೋಗಲ್ಲ. "ನೂರಕ್ಕೆ ನೂರು ಹೋಗುತ್ತೆ" ಅಂತ ಪ್ಯಾಕೇಜ್ ಮಾರೋ ಕ್ಲಿನಿಕ್ಕಿಗೆ ಅಡ್ವಾನ್ಸ್ ಕೊಡಬೇಡಿ.